ಮಳೆಯನ್ನು ನೋಡಿ ಮನೆ ಕಟ್ಟಿದ್ದು

ಕನ್ಯೆಯನ್ನು ಕೊಡುವಾಗ ಕುಲವನ್ನು ಕೇಳುವರು. ಮನೆಯನ್ನು ಕಟ್ಟುವಾಗ ನೆರೆಹೊರೆಯನ್ನು ಕೇಳುವರು. ಆ ಊರಿನ ಮಳೆ ಎಂಥದೆಂದು ಕೇಳುವವರು ವಿರಳ. ಅದನ್ನು ಕೇಳಿ ಮನೆ ಕಟ್ಟಿದವನು ನಾನು. ಆದರೆ ಕೇಳತಕ್ಕ ರೀತಿಯಲ್ಲಿ ಕೇಳಿದವಳು ನನ್ನ ಗೃಹಿಣಿ.

ಶಿಕ್ಷಕವೃತ್ತಿಯ ಮೊದಲ ಹನ್ನೆರಡು ವರುಷಗಳನ್ನು ನಾವು ನವಲಗುಂದ ತಾಲೂಕಿನ ಹಳ್ಳಿಯೊಂದರಲ್ಲಿ ಕಳೆದೆವು. ಅದು ಎರೆಯ ಸೀಮೆ. ಮಳೆ ಕಡಿಮೆ, ಬಾವಿಯ ನೀರು ಸವುಳು, ಕುಡಿಯಲು ಕೆರೆಯೊಂದೇ ಗತಿ. ಶಾಲೆಯಲ್ಲಿ ನಾನು ಮೇಘವರ್ಣನೆಯ ಶ್ಲೋಕಗಳಿಗೆ ಅರ್ಥ ಹೇಳುತ್ತಿದ್ದಾಗ ಆಕೆಯು ಕೊಡ ಹೊತ್ತು ಕೆರೆಯ ಏರಿಯನ್ನು ಹತ್ತುತ್ತಿದ್ದಳು. ನಿವೃತ್ತಿಯ ತರುವಾಯ ಮಳೆಯ ಊರಿನಲ್ಲಿ ಮನೆ ಮಾಡುವೆನೆಂದು ಆಕೆಗೆ ಮಾತು ಕೊಟ್ಟಿದ್ದೆನು.

2021ರಲ್ಲಿ ಆ ಕಾಲ ಬಂದಿತು. ಮಗನು ಹುಬ್ಬಳ್ಳಿಗೆ ಕರೆದನು. ನನ್ನ ಮನಸ್ಸು ಧಾರವಾಡದಲ್ಲಿತ್ತು. ಈ ಎರಡು ಊರುಗಳ ನಡುವೆ ಸುಮಾರು 20 ಕಿಲೋಮೀಟರು ಮಾತ್ರ. ಆದರೆ ಆಕಾಶ ಬೇರೆ. ಎತ್ತರದಲ್ಲಿ, ಮಲೆನಾಡಿನ ಸೆರಗಿನಲ್ಲಿರುವ ಧಾರವಾಡಕ್ಕೆ ಆಷಾಢದ ಜಿಟಿಜಿಟಿ ಮಳೆ ಹೆಚ್ಚು. ಅಲ್ಲಿಯ ದಿನ್ನೆಯ ಪಡುವಲಿಗೆ ಬಿದ್ದ ನೀರು ಶಾಲ್ಮಲೆಯನ್ನು ಕೂಡಿ ಅರಬ್ಬೀ ಸಮುದ್ರಕ್ಕೆ, ಮೂಡಲಿಗೆ ಬಿದ್ದದ್ದು ಕೃಷ್ಣೆಯನ್ನು ಕೂಡಿ ಬಂಗಾಲ ಉಪಸಾಗರಕ್ಕೆ ಹೋಗುವದು. ಕೌಟಿಲ್ಯನು ಕೋಷ್ಠಾಗಾರದಲ್ಲಿ ಕುಂಡವನ್ನಿರಿಸಿ ಮಳೆಯನ್ನು ಅಳೆಯಿಸಿದನು. ಜಾಂಗಲ ದೇಶಕ್ಕೆ 16 ದ್ರೋಣ, ಆನೂಪ ದೇಶಕ್ಕೆ ಅದರ ಒಂದೂವರೆ ಪಾಲೆಂದು ವಿಧಿಸಿದನು. ಈ ಎರಡರ ನಡುವಿನ ಧಾರವಾಡವೇ ವಾಸಯೋಗ್ಯವೆಂದು ನಾನು ನಿರ್ಣಯಿಸಿದೆನು.

ಚೈತ್ರದಲ್ಲಿ ತಗ್ಗಿನ ನಿವೇಶನವೊಂದು ಅಗ್ಗಕ್ಕೆ ಒದಗಿತು. ಆಷಾಢದಲ್ಲಿ ಮತ್ತೊಮ್ಮೆ ನೋಡೋಣವೆಂದು ಆಕೆ ಹಟ ಹಿಡಿದಳು. ಹೋಗಿ ನೋಡಿದರೆ ಮೊಳಕಾಲುದ್ದ ನೀರು! ಆಗ ಆಕೆ ಅಂದಳು: “ಮಳಿ ಎಷ್ಟು ಬೀಳತದ ಅಂತ ನೀವು ಕೇಳತೀರಿ, ಬಿದ್ದದ್ದು ಎಲ್ಲಿಗೆ ಹೋಗತದ ಅಂತ ನಾ ಕೇಳತೀನಿ.” ಹೆಚ್ಚು ಬೆಲೆ ತೆತ್ತು ಏರಿನ ಮೇಲಿನ ನಿವೇಶನವನ್ನೇ ಕೊಂಡೆವು.

ಆ ಮಾತಿನ ಪೂರ್ಣಾರ್ಥವು ನನಗೆ ಹೊಳೆದದ್ದು 2023ರಲ್ಲಿ, ನಾಡಿನ ಬಹುಪಾಲು ತಾಲೂಕುಗಳು ಬರಪೀಡಿತವೆಂದು ಘೋಷಿತವಾದಾಗ. ನಮ್ಮ ನಳಕ್ಕೆ ಬರುವದು ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಕಟ್ಟಿ ನಿಲ್ಲಿಸಿದ ಮಲಪ್ರಭೆಯ ನೀರು. ಆ ನದಿಯ ಉಗಮವು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಎಂದರೆ, ನನ್ನ ಮಾಳಿಗೆಯ ಮೇಲೆ ಬಿದ್ದ ಮಳೆಯನ್ನು ಗಟಾರಕ್ಕೆ ಬಿಟ್ಟು, ಸಹ್ಯಾದ್ರಿಯ ಮಳೆಗಾಗಿ ನಾನು ಕಾಯುತ್ತಿದ್ದೆನು! ಮಳೆಯನ್ನೇ ನಂಬಿದ ನಾಡು ದೇವಮಾತೃಕ, ನದಿಯನ್ನು ನಂಬಿದ್ದು ನದೀಮಾತೃಕವೆಂದು ಮಕ್ಕಳಿಗೆ ಅಮರಕೋಶವನ್ನು ಕಲಿಸಿದವನಿಗೆ ತನ್ನ ಮನೆ ಯಾವದೆಂಬುದು ತಿಳಿದಿರಲಿಲ್ಲ.

ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆಯಾದರೆ ಒಂದು ಲೀಟರು ನೀರು. ನಮ್ಮ ಮಾಳಿಗೆ 100 ಚದರ ಮೀಟರು. 10 ಮಿಲಿಮೀಟರಿನ ಒಂದು ಮಳೆಗೆ ಸಾವಿರ ಲೀಟರು! ಆಕೆಯ ಒತ್ತಾಯಕ್ಕೆ ಅಂಗಳದಲ್ಲಿ ಟಾಕಿಯನ್ನು ಕಟ್ಟಿಸಿದೆವು. ಮೃಗಶಿರೆಯ ಮಳೆಗೆ ಮಾಳಿಗೆಯ ಧೂಳೆಲ್ಲ ತೊಳೆದುಹೋಗುವವರೆಗೆ ಮೊದಲ ನೀರನ್ನು ಹೊರಗೆ ಹರಿಯಬಿಟ್ಟು, ಅನಂತರ ಕೊಳವೆಯನ್ನು ಟಾಕಿಗೆ ತಿರುಗಿಸುವವಳು ಆಕೆಯೇ.

ಕೊಟ್ಟ ಮಾತನ್ನು ನಾನು ನಡೆಸಿದೆನೆಂದು ಬಂಧುಗಳು ಹೊಗಳುವರು. ನಡೆಸಿಕೊಂಡವಳು ಆಕೆಯೆಂಬದನ್ನು ಇಲ್ಲಿ ಬರೆದಿಡುವೆನು.