ಕೆಂಪು ಗುಂಡಿ ಮತ್ತು ಪುಟ್ಟ ಬೆರಳು

ಟೇಪ್ ರೆಕಾರ್ಡರಿನ ಬೆಲೆ ಕೇಳುವ ಮೊದಲು ಮನೆಯ ಮಗುವಿನ ಎತ್ತರ ಅಳೆದುಕೊಳ್ಳಬೇಕು ಎನ್ನುವುದು ಬೆಳ್ತಂಗಡಿಯ ನನ್ನ ಭಾವನ ಮಾತು. 1980ರ ದಶಕದಲ್ಲಿ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಬಂದಂತೆ ಅವರ ಮನೆಗೂ ಕೊಲ್ಲಿಯಿಂದ ಒಂದು ಟೂ-ಇನ್-ವನ್ ಬಂದಿತ್ತು. ಅಕ್ಕ ಅದಕ್ಕೆ ಕ್ರೋಶಾ ಹೊದಿಕೆ ಹೆಣೆದಳು. ಮಗ ನಡೆಯಲು ಕಲಿತಾಗ ಯಂತ್ರ ಮೇಜಿನಿಂದ ಕಪಾಟಿಗೆ ಏರಿತು. ಮಗ ಬೆಳೆದಂತೆಲ್ಲ ಭಾವ ಹಲಗೆಯನ್ನು ಇನ್ನೂ ಮೇಲಕ್ಕೆ ಹೊಡೆಸಿದರು. ಕುರ್ಚಿ ಎಂಬ ವಸ್ತು ಮನೆಯಲ್ಲಿದೆ ಎಂಬುದು ಹುಡುಗನಿಗೆ ಅವರಿಗಿಂತ ಮೊದಲು ಹೊಳೆಯಿತು, ಅಷ್ಟೆ.

ಮಕ್ಕಳ ಕಣ್ಣಿಗೆ ಕ್ಯಾಸೆಟ್ ಹಾಕುವ ಜಾಗವೆಂದರೆ ಬಾಯಿ. ಬಾಯಿ ಇದ್ದ ಮೇಲೆ ಊಟ ಬೇಡವೇ? ಮೂಡುಬಿದಿರೆಯ ಗೆಳೆಯರೊಬ್ಬರ ಮಗಳು ಅದಕ್ಕೆ ಚಕ್ಕುಲಿ ತಿನ್ನಿಸಿದ್ದಳು. ಇನ್ನು ರೀಲು ಎಳೆಯುವ ಆಟ. 60 ನಿಮಿಷದ ಕ್ಯಾಸೆಟ್ಟಿನಲ್ಲಿರುವ ಟೇಪು ಸುಮಾರು 86 ಮೀಟರ್. ಚಾವಡಿಯಿಂದ ಬಾವಿಕಟ್ಟೆಯವರೆಗೂ ಎಳೆಯಬಹುದು! ಆದರೂ ಹೆದರಬೇಕಾದ್ದಿಲ್ಲ. ಆರು ಮೂಲೆಯ ಪೆನ್ಸಿಲನ್ನು ಚಕ್ರದೊಳಗೆ ತೂರಿಸಿ ನಿಧಾನವಾಗಿ ಸುತ್ತಿದರೆ ರೀಲು ಒಳಗೆ ಹೋಗುತ್ತದೆ. ಮುದುಡಿದಲ್ಲಿ ಭಾಗವತರ ಸ್ವರ ಸ್ವಲ್ಪ ನಡುಗೀತು. 90 ನಿಮಿಷದ್ದಾದರೆ ಟೇಪು ಇನ್ನೂ ತೆಳು, ಸಿಕ್ಕಿಹಾಕಿಕೊಳ್ಳುವುದೂ ಬೇಗ.

ಎಳೆದದ್ದು ಹೀಗೆ ಒಳಗೆ ಹೋದೀತು, ಅಳಿಸಿದ್ದು ಮರಳಿ ಬಾರದು. ಭಾವನ ತಂದೆ ಒಳ್ಳೆಯ ಅರ್ಥಧಾರಿ. ನವರಾತ್ರಿಯಲ್ಲಿ ಮನೆಯ ಚಾವಡಿಯಲ್ಲೇ ನಡೆದ ಕರ್ಣಪರ್ವ ತಾಳಮದ್ದಳೆಯಲ್ಲಿ ಅವರ ಕರ್ಣನನ್ನು ಯಾರೋ ಧ್ವನಿಮುದ್ರಿಸಿದ್ದರು. ಇದ್ದದ್ದು ಅದೊಂದೇ ಕ್ಯಾಸೆಟ್. 1991ರಲ್ಲಿ, ಅಜ್ಜ ತೀರಿಕೊಂಡ ಮರುವರ್ಷ, ಐದು ವರ್ಷದ ಮೊಮ್ಮಗ ಕುರ್ಚಿ ಹತ್ತಿ ಕೆಂಪು ಗುಂಡಿಯನ್ನೂ ಸೇರಿಸಿ ಒತ್ತಿದ. ಅಜ್ಜ ಪೆಟ್ಟಿಗೆಯ ಒಳಗಿದ್ದಾರೆಂದು ಅವನ ನಂಬಿಕೆ. "ಅಜ್ಜಾ, ಹೊರಗೆ ಬನ್ನಿ, ಬಾಳೆಹಣ್ಣು ಉಂಟು" ಎಂದು ಎರಡು ನಿಮಿಷ ಕರೆದಿದ್ದಾನೆ. ಕರ್ಣನ ಎರಡು ನಿಮಿಷ ಹೋಯಿತು. ಭಾವ ಬೈಯಲಿಲ್ಲ, ಆ ರಾತ್ರಿ ಊಟ ಮಾಡಲೂ ಇಲ್ಲ. ಕಾಳಿಂಗ ನಾವಡರ ಪದ್ಯವಾದರೆ, ಮೂಡುಬಿದಿರೆ ಬಳಿಯ ಮಾರೂರಿನ ಬಲಿಪ ನಾರಾಯಣ ಭಾಗವತರದ್ದಾದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತಿತ್ತು.

ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಚೌಕಗಳಿರುತ್ತವೆ, ಒಂದೊಂದು ಮಗ್ಗುಲಿಗೆ ಒಂದೊಂದು. ಅವನ್ನು ಮುರಿದರೆ ಕೆಂಪು ಗುಂಡಿ ಕೆಳಗಿಳಿಯುವುದೇ ಇಲ್ಲ. ಮುಂದೆ ಬೇಕಾದರೆ ಆ ತೂತಿಗೆ ಅಂಟುಪಟ್ಟಿ ಹಚ್ಚಿದರಾಯಿತು. ಅಂಗಡಿಯ ಹಾಡಿನ ಕ್ಯಾಸೆಟ್ಟುಗಳು ಚೌಕವಿಲ್ಲದೆಯೇ ಬರುತ್ತಿದ್ದವು. ಮನೆಯಲ್ಲಿ ತುಂಬಿಸಿದವುಗಳದ್ದೇ ಅಪಾಯ.

ಮೂಡುಬಿದಿರೆಯ ಗೆಳೆಯರು ಹಲಗೆ ಏರಿಸಲಿಲ್ಲ. ಚಕ್ಕುಲಿ ಪ್ರಕರಣದ ನಂತರ ಮಗಳಿಗೆ ಒಂದು ಹಳೆಯ ಪ್ಲೇಯರ್ ಮತ್ತು ಅವಳದ್ದೇ ಆದ ಒಂದು ಕ್ಯಾಸೆಟ್ ಕೊಟ್ಟು, ಹಾಕುವುದು ತೆಗೆಯುವುದು ಕಲಿಸಿದರು. ಆರು ವರ್ಷಕ್ಕೆ ಅವಳು ಅಪ್ಪನ ಎದುರು ಕುಳಿತು ಹತ್ತಿಗೆ ಸ್ಪಿರಿಟ್ ಹಚ್ಚಿ ಹೆಡ್ ಒರೆಸುತ್ತಿದ್ದಳು. ಎಲ್‌ಪಿ ತಟ್ಟೆಯನ್ನು ಅಂಚಿನಲ್ಲೇ ಹಿಡಿಯಬೇಕು, ನಿಲ್ಲಿಸಿಯೇ ಇಡಬೇಕು ಎಂದು ಬಂದವರಿಗೆ ಪಾಠ ಬೇರೆ. ನನ್ನ ಒಲವು ಮೂಡುಬಿದಿರೆಯ ಕಡೆಗೆ. ಮೂರು ವರ್ಷದವರೆಗೆ ಬೀಗ ಸರಿ, ಆಮೇಲೆ ಬೀಗವೇ ಮಕ್ಕಳನ್ನು ಕರೆಯುತ್ತದೆ. (ನಮ್ಮ ಮಳೆಗಾಲದ ಬೂಷ್ಟಿನ ಮುಂದೆ ಮಕ್ಕಳ ಕಾಟ ಎಷ್ಟರದ್ದು ಎನ್ನುವವರೂ ಇದ್ದಾರೆ.)

ಈಗಿನ ಮಕ್ಕಳ ಹಾಡೆಲ್ಲ ಫೋನಿನಲ್ಲಿ. ಆದರೆ ಎಷ್ಟೋ ಮನೆಗಳ ಅಟ್ಟದಲ್ಲಿ ಅಜ್ಜ ಅಜ್ಜಿಯರ ದನಿ ಇನ್ನೂ ಕ್ಯಾಸೆಟ್ಟಿನಲ್ಲೇ ಇದೆ. ರಜೆಗೆ ಬಂದ ಮೊಮ್ಮಕ್ಕಳ ಕೈಗೆ ಅದು ಸಿಗುವ ಮೊದಲು ಒಂದು ಪ್ರತಿ ಮಾಡಿಸಿಡಿ. ಕಳೆದ ದೀಪಾವಳಿಗೆ ಬಂದ ಸೋದರಳಿಯ, ಈಗ ತಾನೇ ಅಪ್ಪನಾದವನು, ಭಾವನ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿದ. ಕರ್ಣನ ಮಾತಿನ ನಡುವೆ ಬಾಳೆಹಣ್ಣು ಬಂತು. "ಇಷ್ಟು ಕತ್ತರಿಸಲೇ ಅಪ್ಪಾ?" ಎಂದು ಕೇಳಿದ. ಭಾವ ಬೇಡವೆಂದರು. ಅಕ್ಕ, ಇನ್ನೊಮ್ಮೆ ಹಾಕು ಎಂದಳು. ಒಂದು ಪ್ರತಿ ಬೆಳ್ತಂಗಡಿಯಲ್ಲಿದೆ, ಇನ್ನೊಂದು ಬಂಟ್ವಾಳದ ನಮ್ಮ ಮನೆಯಲ್ಲಿ. ಮೂಲ ಕ್ಯಾಸೆಟ್ಟನ್ನು ಚೌಕ ಮುರಿದು ಕಪಾಟಿನ ಕೆಳಗಿನ ಹಲಗೆಯಲ್ಲೇ ಇಟ್ಟಿದ್ದಾರೆ.