ಮೀನಿನ ಕೊಳದ ಆಳ

ನಮ್ಮ ತಾತಂದಿರು ಈ ಮನೆಯ ತೊಟ್ಟಿಯಲ್ಲಿ ನೀರು ನಿಲ್ಲದಿರಲೆಂದು ಎಷ್ಟು ಶ್ರಮಪಟ್ಟರೋ, ಅಲ್ಲಿಯೇ ನೀರನ್ನು ನಿಲ್ಲಿಸಬೇಕೆಂದು ನನ್ನ ಮಗನು ಅಷ್ಟೇ ಹಟ ಹಿಡಿದನು. ತೊಟ್ಟಿಯ ಮೇಲೆ ಗಾಜಿನ ಮಾಡಾಗಿ ಕೆಲವು ವರ್ಷಗಳಾದುವು. ಅದರ ಕೆಳಗೆ ಕೋಯಿ ಎಂಬ ಬಣ್ಣದ ಮೀನುಗಳಿಗೊಂದು ಕೊಳವಾಗಬೇಕಂತೆ, ಆಳವು ಐದಡಿಯಂತೆ.

ಐದಡಿ ಏತಕ್ಕೆಂದು ಕೇಳಿದೆನು. ಪುಸ್ತಕದಲ್ಲಿ ಹಾಗಿದೆಯೆಂದನು. ಪಾಠಶಾಲೆಯಲ್ಲಿ ತರ್ಕವನ್ನೋದಿದವನಿಗೆ ಈ ಉತ್ತರವು ಸಾಲದು. ಈ ಮೀನುಗಳ ಬಣ್ಣವನ್ನು 19ನೆಯ ಶತಮಾನದಲ್ಲಿ ತಳಿಯೆಬ್ಬಿಸಿ ಬೆಳೆಸಿದವರು ಜಪಾನಿನ ನೀಗಾತ ಸೀಮೆಯ ಬೆಟ್ಟಗಳ ಬತ್ತದ ರೈತರು. ಅದು ಹಿಮ ಸುರಿಯುವ ನಾಡು; ಮೇಲ್ನೀರು ಹೆಪ್ಪುಗಟ್ಟಿದರೂ ತಳದಲ್ಲಿ ಮೀನು ಬದುಕಿರಬೇಕಾದರೆ ಆಳ ಬೇಕು. ಬಯಲಿನ ಕೊಳಕ್ಕೆ ಕೊಕ್ಕರೆಯ ಭಯವೂ ಉಂಟು. ನಮ್ಮ ಗಾಜಿನ ಕೆಳಗೆ ಹಿಮವೂ ಇಲ್ಲ, ಕೊಕ್ಕರೆಯೂ ಇಲ್ಲ. ಹಾಗೆಂದು ಒಂದಡಿಯ ನೀರೂ ಸಲ್ಲದು. ಎರಡಡಿಯುದ್ದ ಬೆಳೆಯುವ ಪ್ರಾಣಿಯದು. ಕಿವಿರುಗಳಿಂದ ಅದು ಹೊರಬಿಡುವ ಅಮೋನಿಯವು ಅಲ್ಪಜಲದಲ್ಲಿ ಬೇಗನೆ ವಿಷವಾಗುತ್ತದೆ. ಮೂರಡಿ ಸಾಕೆಂದು ವಾದಿಸಿದೆನು. ಎಂಟಡಿ ಉದ್ದ, ಐದಡಿ ಅಗಲ, ಮೂರಡಿ ಆಳವೆಂದರೂ 120 ಘನ ಅಡಿ. ಸುಮಾರು 3,400 ಲೀಟರು. ತೂಕ ಮೂರೂವರೆ ಟನ್ನಿಗೆ ಸಮೀಪ. ಗಾರೆಯವನೂ ನೆಲವನ್ನು ತಟ್ಟಿ ನೋಡಿ, "ಮೇಷ್ಟ್ರೇ, ಕಂಬದ ಪಕ್ಕದಲ್ಲಿ ಒಂದೂವರೆ ಅಡಿಗಿಂತ ಕೆಳಕ್ಕೆ ಅಗೆಯೋಕೆ ನನಗೆ ಧೈರ್ಯವಿಲ್ಲ, ಪಾಯ ಸಡಿಲವಾದೀತು" ಎಂದನು.

ಮಗನು ಸೋತನು. ನನಗೆ ಮಾತ್ರ ಆ ರಾತ್ರಿ ನಿದ್ರೆ ಬರಲಿಲ್ಲ. ನಾನು ಹೇಳಿದ ಕಾರಣಗಳೆಲ್ಲವೂ ಸತ್ಯವೇ; ಆದರೆ ನನ್ನ ಕಾರಣವು ಅವುಗಳಲ್ಲಿರಲಿಲ್ಲ. ನನಗೆ ಏಳು ವರ್ಷವಾಗಿದ್ದಾಗ ಹಿತ್ತಲಿನ ಹೊಂಡದಲ್ಲಿ ನನ್ನ ತಮ್ಮನು ಹೋದನು. ಅವನಿಗಾಗ ಮೂರು ವರ್ಷ. ನೀರು ಅವನ ಎದೆಯ ಮಟ್ಟಕ್ಕೂ ಇರಲಿಲ್ಲ. ಈಗ ಮನೆಯಲ್ಲಿ ಓಡಾಡುವ ಮೊಮ್ಮಗಳಿಗೂ ಅದೇ ವಯಸ್ಸು. ಐದಡಿಯನ್ನು ಮೂರಕ್ಕಿಳಿಸಿ ನಾನು ಯಾರನ್ನು ಕಾಪಾಡಿದಂತಾಯಿತು?

ಬೆಳಗಾದ ಕೂಡಲೆ ಮಗನನ್ನು ಕರೆದು ಎಲ್ಲವನ್ನೂ ಹೇಳಿದೆನು. ತನಗೊಬ್ಬ ಚಿಕ್ಕಪ್ಪನಿದ್ದನೆಂಬುದನ್ನು ಅವನು ಕೇಳಿದ್ದು ಅದೇ ಮೊದಲು. ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ ಕಾಗದವನ್ನು ತೆಗೆದುಕೊಂಡು ಕೊಳವನ್ನು ಹೊಸದಾಗಿ ಬರೆದನು: ನೆಲದೊಳಗೆ ಒಂದೂವರೆ ಅಡಿ, ನೆಲದ ಮೇಲೆ ಎರಡಡಿಯ ಕಟ್ಟೆ, ಮೀನು ನೆಗೆಯದಂತೆ ಮೇಲೆ ಅರ್ಧ ಅಡಿ ಬಿಟ್ಟು ನೀರು ಮೂರಡಿ, ಅದರ ಮೇಲೆ ಬೀಗವುಳ್ಳ ಕಬ್ಬಿಣದ ಜಾಲರಿ. ಬೀಗದ ಕೈ ಅಜ್ಜಿಯ ಗೊಂಚಲಿನಲ್ಲಿರತಕ್ಕದ್ದು. ಜಾಲರಿಯು ಮನೆಗೆ ಬಂದ ಹೊರತು ಗುದ್ದಲಿ ಹಾಕಕೂಡದೆಂದು ಗಾರೆಯವನಿಗೆ ಅವನೇ ಹೇಳಿಕಳುಹಿಸಿದನು.