ಕಟ್ಟು

ಊಟಿ ರಸ್ತೆಯಲ್ಲಿ ಲಾರಿಗಳು ಒಂದರ ಹಿಂದೊಂದು ಗುಡುಗತೊಡಗಿದವೆಂದರೆ ಆರು ಗಂಟೆ ಕಳೆದಿದೆ, ಬಂಡೀಪುರದ ಗೇಟು ತೆಗೆದಿದ್ದಾರೆ ಎಂದೇ ಅರ್ಥ. ರಾತ್ರಿ ಒಂಬತ್ತಕ್ಕೆ ಮುಚ್ಚಿದ್ದು, 2009ರಿಂದ ಹೀಗೇ. ಹಂಗಳದಲ್ಲಿ ಇವತ್ತು ಯುಗಾದಿ. ಹಿತ್ತಲ ಬಾಗಿಲಲ್ಲಿ ನಿಂತರೆ 1,454 ಮೀಟರ್ ಎತ್ತರದ ಗೋಪಾಲಸ್ವಾಮಿ ಬೆಟ್ಟ ನೆತ್ತಿಗೆ ಮಂಜಿನ ಮುಸುಕು ಎಳೆದುಕೊಂಡು ಕೂತಿದೆ. ಒಳಗೆ, ಸೌದೆ ಒಲೆಯ ಮೇಲೆ ತೊಗರಿಬೇಳೆ ಕುದಿಯುತ್ತಿದೆ.

"ಒಸಿ ನ್ವಾಡು ಕುಸ, ಬೆಂದದ?"

ದೊಡ್ಡವ್ವ ಸೌಟಿನಲ್ಲಿ ನಾಲ್ಕು ಬೇಳೆ ಎತ್ತಿ ಕೊಡುತ್ತಾಳೆ. ಬೆರಳಲ್ಲಿ ಹಿಸುಕಿದರೆ ಬೆಣ್ಣೆಯಾಗಬೇಕು, ಸೌಟಿನಲ್ಲಿ ಮಾತ್ರ ಬೇಳೆ ಬೇಳೆಯಾಗಿಯೇ ಇರಬೇಕು. ಕರಗಿಹೋದರೆ ಊರ್ಣ ನೀರಾಗುತ್ತದೆ. ಗಟ್ಟಿ ಉಳಿದರೆ ತಟ್ಟುವಾಗ ಕಣಕ ಹರಿಯುತ್ತದೆ. ನಾನು ತಲೆಯಾಡಿಸುತ್ತೇನೆ. ಅವಳು ನನ್ನನ್ನು ನಂಬದೆ ತಾನೇ ಹಿಸುಕಿ ನೋಡಿ, ಪಾತ್ರೆ ಇಳಿಸಿ, ಬಸಿಯುತ್ತಾಳೆ. ಅರಿಸಿನ ಬಣ್ಣದ ಕಟ್ಟು ಕೆಳಗಿನ ಬೋಸಿಗೆ ಸುರಿಯುತ್ತದೆ. ಒಂದು ತೊಟ್ಟು ಹೊರಗೆ ಬಿದ್ದಿದ್ದಕ್ಕೆ ಅವಳ ನಾಲಗೆ 'ಚು' ಎನ್ನುತ್ತದೆ.

ಬೇಳೆಗೆ ಅಚ್ಚುಬೆಲ್ಲ ಬಿದ್ದು ಕರಗಿ, ಮತ್ತೆ ಬಿಗಿಯುತ್ತ ಬಂದು, ಸೌಟು ನೆಟ್ಟಗೆ ನಿಲ್ಲುವ ಹೊತ್ತಿಗೆ ನಾನು ಚೀಲದಿಂದ ಡಬ್ಬ ತೆಗೆಯುತ್ತೇನೆ. ಅಕ್ಕನ ಮಗ ಜಪಾನಿನಿಂದ ತಂದದ್ದು. ಎರಡು ಪುಟ್ಟ ದೋಸೆಗಳ ನಡುವೆ ಕಂದುಗೆಂಪು ಹೂರಣ ಇಟ್ಟಂತೆ ಕಾಣುವ ದೊರಯಾಕಿ. ಎಡೆಗೆ ಮೊದಲು ಏನೂ ತಿನ್ನಬಾರದು. ಆದರೆ ಪರದೇಶದ ತಿಂಡಿಗೆ ಮಡಿ ಇಲ್ಲವೆಂದು ಅವಳೇ ತೀರ್ಮಾನಿಸಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾಳೆ. ಕಣ್ಣು ಮುಚ್ಚಿ ಚಪ್ಪರಿಸುತ್ತಾಳೆ.

"ಅಲಸಂದ ಕಾಳ್ನ ಊರ್ಣ ಇದ್ದಂಗದ."

ನನಗೆ ಬೆರಗು. ಇದು ಅಜುಕಿ ಎಂಬ ಕೆಂಪು ಕಾಳು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅಲಸಂದೆ, ಹೆಸರು, ಉದ್ದುಗಳ ಒಡಹುಟ್ಟು, ಎಲ್ಲವೂ ವಿಗ್ನ ಕುಲದವು. ತೊಗರಿಯದು ಬೇರೆ ಕುಲ. ನಾಲಗೆಯೇ ಅವಳಿಗೆ ಅದನ್ನು ಹೇಳಿಬಿಟ್ಟಿದೆ.

ಒರಳುಕಲ್ಲಿನ ಮುಂದೆ ಕೂತು ಗುಂಡು ತಿರುಗಿಸುತ್ತ ನಾನು ಗೊತ್ತಿದ್ದಷ್ಟು ಹೇಳುತ್ತೇನೆ. ಜಪಾನಿನವರಿಗೆ ಹೂರಣವೆಂದರೆ 'ಆನ್'. ಸಿಪ್ಪೆ ಸಮೇತ ತರಿತರಿಯಾಗಿ ಉಳಿಸಿದರೆ ತ್ಸುಬುಆನ್. ಜರಡಿಯಾಡಿ ಸಿಪ್ಪೆ ತೆಗೆದು ಬಟ್ಟೆಯಲ್ಲಿ ಹಿಂಡಿದರೆ ಕೊಶಿಆನ್, ನಮ್ಮ ಒರಳಿನ ಊರ್ಣದಷ್ಟೇ ನುಣುಪು. ಟೋಕಿಯೋದ ಕಿಮುರಾಯ ಎಂಬ ಅಂಗಡಿಯವರು 1874ರಲ್ಲಿ ಅದನ್ನು ಬನ್ನಿನೊಳಗೂ ತುಂಬಿದರು. ಮಾರ್ಚಿನಲ್ಲಿ ಹಗಲಿರುಳು ಸಮವಾಗುವ ದಿನಗಳಲ್ಲಿ, ಅಂದರೆ ಹೆಚ್ಚುಕಡಿಮೆ ನಮ್ಮ ಯುಗಾದಿಯ ಆಸುಪಾಸಿನಲ್ಲಿ, ಅನ್ನದ ಉಂಡೆಗೆ ಆನ್ ಮೆತ್ತಿ ಹಿರಿಯರಿಗೆ ಇಡುತ್ತಾರೆ.

"ಎಡ ಇಕ್ಕರು ಅನ್ನು," ಎನ್ನುತ್ತಾಳೆ ದೊಡ್ಡವ್ವ, ಸಮಾಧಾನದಿಂದ. ಎಣ್ಣೆಯಲ್ಲಿ ನೆಂದ ಕಣಕವನ್ನು ಅಂಗೈಯಲ್ಲಿ ಅಗಲಿಸಿ, ಊರ್ಣದ ಉಂಡೆ ಇಟ್ಟು, ಬಾಯಿ ಮುಚ್ಚಿ, ಬಾಳೆಲೆಯ ಮೇಲೆ ತಟ್ಟುತ್ತಿದ್ದಾಳೆ. ಬೆರಳುಗಳು ನಡುವಿನಿಂದ ಅಂಚಿಗೆ ಓಡುತ್ತವೆ. ಎಲೆ ಸಮೇತ ಕಾವಲಿಗೆ ಮಗುಚಿ, ಎಲೆಯನ್ನು ಮೆಲ್ಲಗೆ ಬಿಡಿಸುತ್ತಾಳೆ. ಬೆಲ್ಲ ಸುಡುವ ಸಣ್ಣ ಘಮ. ಆಮೇಲೆ ಕೈ ನಿಲ್ಲಿಸುತ್ತಾಳೆ.

"ಕಟ್ಟ ಏನ್ ಮಾಡರು?"

"ಕಾಳಿಗೆ ಒಗರು ಅಂತ ಮೊದಲ ನೀರು ಚೆಲ್ಲಿಬಿಡ್ತಾರೆ ದೊಡ್ಡವ್ವ."

"ಚೆಲ್ಬುಟ್ಟು ಅನ್ನಕ್ಕ ಏನ ಉಯ್ಕಂಡರು?"

ನನ್ನ ಬಳಿ ಉತ್ತರವಿಲ್ಲ. ನಮ್ಮ ಕಡೆ ಒಬ್ಬಟ್ಟು ಅರ್ಧ ಹಬ್ಬ. ಇನ್ನರ್ಧ ಆ ಬೋಸಿಯಲ್ಲಿದೆ. ಸುಟ್ಟ ಈರುಳ್ಳಿ, ಕೊಬ್ಬರಿ, ಮೆಣಸಿನಕಾಯಿ, ಕೊತ್ತಂಬರಿ ಬೀಜ ರುಬ್ಬಿ, ಹುಣಸೆಹುಳಿ ಹಿಂಡಿ, ಒರಳಿನಲ್ಲಿ ಅಂಟಿದ ಊರ್ಣವನ್ನೂ ತೊಳೆದು ಕಟ್ಟಿಗೆ ಸೇರಿಸಿ ಕುದಿಸಿದ ಸಾರು. ಸಿಹಿ, ಹುಳಿ, ಖಾರ ಒಂದರ ಮೈಮೇಲೊಂದು ಬೀಳುತ್ತವೆ. ನಾಳೆ ಹೊಸತೊಡಕಿಗೆ ಬಾಡಿನ ಸಾರು ಕುದಿಯುವಾಗಲೂ ಮೂಲೆಯ ಮಡಕೆಯಲ್ಲಿ ಇದು ಇನ್ನಷ್ಟು ರುಚಿಗೊಂಡು ಕಾದಿರುತ್ತದೆ. ನನ್ನ ಮಟ್ಟಿಗೆ ಬಾಡಿಗಿಂತ ಇದೇ ಮೇಲು, ಮನೆಯಲ್ಲಿ ಹೇಳುವಂತಿಲ್ಲ ಅಷ್ಟೇ.

ಒಗ್ಗರಣೆ ಸಿಡಿಯುತ್ತದೆ. ಸಾಸಿವೆ, ಕರಿಬೇವು, ಹೊಗೆ. ಹೊರಗೆ ಕೇರಳದ ಕಾರೊಂದು ಬೆಟ್ಟದ ತಿರುವು ಯಾವುದೆಂದು ಯಾರನ್ನೋ ಕೇಳುತ್ತಿದೆ. ದೊಡ್ಡವ್ವ ಬಾಳೆಲೆಯ ತುದಿಯಲ್ಲಿ ಒಬ್ಬಟ್ಟು, ಅದರ ಮೇಲೆ ತುಪ್ಪ, ಪಕ್ಕದಲ್ಲಿ ಅನ್ನಕ್ಕೆ ಸಾರು ಹಾಕಿ ಎಡೆ ಸಿದ್ಧಪಡಿಸುತ್ತಾಳೆ. ಒಂದು ಗಳಿಗೆ ಯೋಚಿಸಿ, ಡಬ್ಬದಿಂದ ಇನ್ನೊಂದು ದೊರಯಾಕಿ ತೆಗೆದು ಅದನ್ನೂ ಎಲೆಗೆ ಇಡುತ್ತಾಳೆ, ಸಾರು ತಾಗದಷ್ಟು ದೂರದಲ್ಲಿ.